ಕೋಳಿ ಕಾವಿಗೆ ಕೂತ ತೊಟ್ಟಿಲು

ಒಂದಾನೊಂದು ಕಾಲ ಅಂತ ಇತ್ತಲ್ಲ ಮಗಾ, ಆ ಕಾಲದಲ್ಲೇ ಬೇಲದಕೆರೆ ಅಂತ ಒಂದು ಊರೂ ಇತ್ತಂತೆ. ಹೂಂ ಅಂತಾ ಇರು, ನೀನು ಹೂಂ ಅನ್ನೋದು ನಿಲ್ಲಿಸಿದ್ರೆ ನಾನು ಗೋಡೆಗೆ ಕತೆ ಹೇಳ್ದಂಗಾಗುತ್ತೆ. ಆ ಹಲ್ಲನ್ನ ನಾಲಿಗೇಲಿ ಆಡಿಸ್ಬೇಡ, ಬೀಳೋ ಹೊತ್ತಿಗೆ ತಾನೇ ಬೀಳುತ್ತೆ. ನಾನು ಹೇಳ್ತಾ ಇರೋದೂ ಒಂದು ಹಲ್ಲಿನ ಕತೇನೇ, ಕೇಳು.

ಆ ಊರಲ್ಲಿ ಕೆರೆ ಇತ್ತು, ಕೆರೆ ಏರಿ ಉದ್ದಕ್ಕೂ ಬೇಲದ ಮರ ಇತ್ತು, ದನ ಕರು ಇತ್ತು, ರಾಗಿ ಹೊಲ ಇತ್ತು, ಮಕ್ಕಳು ಮಾತ್ರ ಇರಲಿಲ್ಲವಂತೆ. ಇರಲೇ ಇಲ್ಲ ಅಂದ್ರೆ ಸುಳ್ಳಾಗುತ್ತೆ, ಒಂದೇ ಒಂದು ಇತ್ತು, ಅದರ ಹೆಸರು ದ್ಯಾವಿ. ದ್ಯಾವಿ ಹುಟ್ಟಿದ್ದೇ ಕೊನೆ, ಆಮೇಲೆ ಆ ಊರಲ್ಲಿ ಒಂದು ಕೂಸೂ ಕಣ್ಣು ಬಿಟ್ಟಿರಲಿಲ್ಲ. ಅವಳಿಗಿಂತ ಮುಂಚೆ ಹುಟ್ಟಿದೋರೆಲ್ಲಾ ಆಗಲೇ ಮೀಸೆ ಬಂದೋರು, ಸೀರೆ ಉಟ್ಟೋರು.

ಮಕ್ಕಳಿಲ್ಲದ ಊರು ಹೆಂಗಿರುತ್ತೆ ಅಂತೀಯಾ? ಬೇಲದ ಹಣ್ಣು ಮರದಡಿ ಉದುರಿ ಉದುರಿ ಅಲ್ಲೇ ಕೊಳೀತಿತ್ತಂತೆ, ಕಲ್ಲು ಹೊಡೆದು ಕದಿಯೋರೇ ಇಲ್ಲ. ಮರದ ಯಜಮಾನ ತಿಮ್ಮಣ್ಣಜ್ಜ ಕೋಲು ಹಿಡ್ಕೊಂಡು ಕಾಯೋನು, ಬೈಯೋದಕ್ಕೆ ಒಬ್ಬ ಕಳ್ಳನೂ ಬರಲ್ಲವಲ್ಲ ಅಂತ ಬೇಜಾರಾಗಿ ಕಾಗೆಗಳನ್ನೇ ಬೈದು ಮನೆಗೆ ಹೋಗೋನು. ಕವಣೆ ಬೀಸೋ ಹುಡುಗರಿಲ್ಲದೆ ಕೋತಿಗಳು ಹೆಂಚಿನ ಮೇಲೇ ಸಂಸಾರ ಹೂಡಿದ್ವು. ಬುಗುರಿ ಮಾರೋನು ಒಂದ್ಸಲ ಬಂದ, ಇನ್ನೊಂದ್ಸಲ ಬಂದ, ಆಮೇಲೆ ಈ ದಾರಿಗೇ ಬರಲಿಲ್ಲ. ಅಜ್ಜಿಯರಿಗೆ ಜೋಗುಳದ ಮೊದಲನೇ ಸಾಲು ಬರ್ತಿತ್ತು, ಎರಡನೇದು ಮರೆತುಹೋಗಿತ್ತು. ಕೆರೆ ಆಚೆ ಹೊಲಗಳು ಉಳೋ ಕೈ ಸಾಲದೆ ಬೀಳು ಬಿದ್ದಿದ್ವು, ಯಾರಾದ್ರೂ ತೀರ್ಕೊಂಡ್ರೆ ಹೆಗಲು ಕೊಡೋಕೆ ಪಕ್ಕದೂರಿನೋರನ್ನ ಕರೆಸ್ಬೇಕಿತ್ತಂತೆ.

ಈಗ ತೊಟ್ಟಿಲಿನ ವಿಷಯಕ್ಕೆ ಬರ್ತೀನಿ. ಆ ಊರಿಗೆಲ್ಲಾ ಒಂದೇ ತೊಟ್ಟಿಲಂತೆ. ಊರು ಕಟ್ಟಿದೋರು ಹಲಸಿನ ಮರದಲ್ಲಿ ಮಾಡಿಸಿದ್ದು, ಮೂಲೆ ಮೂಲೆಗೂ ಬಣ್ಣದ ಗಿಣಿ. ಯಾರ ಮನೆ ಹೆಂಗಸಿಗೆ ಏಳು ತಿಂಗಳು ತುಂಬುತ್ತೋ ಅವಳು ತಟ್ಟೇಲಿ ಅಕ್ಕಿ ಬೆಲ್ಲ ಇಟ್ಕೊಂಡು, ತೊಟ್ಟಿಲಿರೋ ಮನೆ ಬಾಗಿಲಿಗೆ ಹೋಗಿ, ತೊಟ್ಟಿಲು ಕೊಡವ್ವ ಅಂತ ಕೇಳ್ಬೇಕು. ಕೇಳಿದ್ರೇ ಕೊಡ್ಬೇಕು, ಕೇಳದೆ ಕೊಟ್ರೆ ಆಗಿಬರಲ್ಲ ಅಂತ ಅವರ ಪದ್ಧತಿ. ಹಿಂದೆಲ್ಲಾ ಆ ತೊಟ್ಟಿಲು ಒಂದು ಮನೇಲಿ ನೆಟ್ಟಗೆ ನಿಂತಿದ್ದೇ ಇಲ್ಲವಂತೆ, ಈ ಮನೆ ಕೂಸು ಹೊಸ್ತಿಲು ದಾಟೋ ಅಷ್ಟರಲ್ಲಿ ಮುಂದಿನ ಮನೆಯೋಳು ತಟ್ಟೆ ಹಿಡಿದು ನಿಂತಿರೋಳು, ಸರದಿ ಸಿಗದ ಕೂಸುಗಳಿಗೆ ಸೀರೆ ಜೋಲಿ ಕಟ್ಟೋರು. ದ್ಯಾವಿ ಮನೆಗೆ ಬಂದಿದ್ದೇ ಬಂದಿದ್ದು, ತೊಟ್ಟಿಲು ಅಲ್ಲೇ ನಿಂತುಬಿಡ್ತು. ದ್ಯಾವಿ ಅವ್ವ ಚಿಕ್ತಾಯಿ ಮೊದಲು ದಿನಾ ಅದರ ಧೂಳು ಒರೆಸೋಳು, ಆಮೇಲೆ ಹಬ್ಬಕ್ಕೊಂದ್ಸಲ ಒರೆಸೋಳು, ಆಮೇಲೆ ಅದಕ್ಕೆ ಈರುಳ್ಳಿ ತುಂಬಿದ್ಲು, ಕೊನೆಗೆ ಒಂದು ಕೆಂಪು ಕೋಳಿ ಈರುಳ್ಳಿ ಮೇಲೆ ಹತ್ತಿ ಕೂತು ಅದನ್ನೇ ತನ್ನ ಮನೆ ಮಾಡ್ಕೊಂಡ್ತು. ದ್ಯಾವಿ ಮಲಗಿದಾಗ ಮೇಲೆ ತೊಲೆಗೆ ನೇತಾಡೋ ಅದನ್ನೇ ನೋಡೋಳು, ಅವ್ವಾ, ನನ್ನ ತೊಟ್ಟಿಲನ್ನ ಯಾಕೆ ಯಾರೂ ಕೇಳೋಕೆ ಬರಲ್ಲ ಅನ್ನೋಳು. ಸುಮ್ನೆ ಮಲಗು ಅನ್ನೋಳು ಅವ್ವ.

ಇನ್ನೊಂದು ಪದ್ಧತಿ ಇತ್ತಂತೆ ಅವರದ್ದು, ಅದು ಇದಕ್ಕಿಂತ ಗಟ್ಟಿ. ಮುಂಗಾರು ಬಿದ್ದು ಹೊಲ ಹದಕ್ಕೆ ಬಂದಾಗ ಮೊದಲನೇ ಹಿಡಿ ರಾಗೀನ ಹಾಲುಹಲ್ಲಿರೋ ಮಗೂನೇ ಚೆಲ್ಲಬೇಕು. ಹಾಲುಹಲ್ಲು ಪೂರಾ ಉದುರಿದೋರ ಕೈ ಮೊದಲು ಬಿದ್ರೆ ಭೂಮ್ತಾಯಿ ಮುಖ ತಿರುಗಿಸ್ತಾಳೆ ಅಂತ. ಹಿಂದೆ ಒಂದೊಂದು ಹೊಲಕ್ಕೆ ಅವರವರ ಮಕ್ಕಳೇ ಇದ್ರು, ಈಗ ಊರಿಗೆಲ್ಲಾ ದ್ಯಾವಿ ಒಬ್ಳೇ. ಬಿತ್ತನೆ ದಿನ ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಓಡೋರು, ಅವಳು ಚೆಲ್ಲಿ ಚೆಲ್ಲಿ ಸಂಜೆ ಹೊತ್ತಿಗೆ ರಟ್ಟೆ ಬಿದ್ದುಹೋಗೋದು. ಮದುವೇಲಿ ಹೆಣ್ಣಿನ ಮಡಿಲಿಗೆ ಮಗು ಕೂರಿಸೋ ಶಾಸ್ತ್ರಕ್ಕೂ ದ್ಯಾವೀನೇ, ಕಾಲು ನೆಲಕ್ಕೆ ತಾಗೋ ಹುಡುಗಿ ತೊಡೆ ಮೇಲೆ ಕೂತ್ರೆ ಮದುಮಗಳು ಉಸಿರು ಬಿಗಿ ಹಿಡ್ಕೊಂಡು ಕೂರ್ತಿದ್ಲಂತೆ.

ಹಿಂಗೇ ಇರೋವಾಗ ದ್ಯಾವಿ ಹಲ್ಲು ಬೀಳೋಕೆ ಶುರುವಾಯ್ತು. ಒಂದು ಬಿದ್ರೆ ಊರಿಗೆಲ್ಲಾ ಎದೆ ಹೊಡ್ಕೊಳ್ಳೋದು. ದಾರೀಲಿ ಯಾರು ಎದುರು ಸಿಕ್ಕಿದ್ರೂ ದ್ಯಾವವ್ವಾ, ಎಲ್ಲಿ ಬಾಯಿ ತೆಗಿ ನೋಡಾನ ಅನ್ನೋರು, ದನ ಕೊಳ್ಳೋರ ಹಂಗೆ ತುಟಿ ಎತ್ತಿ ನೋಡೋರು. ಹುರಿಗಡಲೆ ತಿನ್ನಬೇಡ, ಚಕ್ಕುಲಿ ಮುಟ್ಟಬೇಡ, ಕಬ್ಬಂತೂ ಕಣ್ಣೆತ್ತಿ ನೋಡಬೇಡ. ದ್ಯಾವಿಗೆ ಕಬ್ಬು ಅಂದ್ರೆ ಪ್ರಾಣ. ಗಾಡಿ ತುಂಬಾ ಕಬ್ಬು ಮುಂದೆ ಹೋಗ್ತಿದ್ರೆ ಇವಳು ಗಂಜಿ ಬಟ್ಟಲು ಹಿಡ್ಕೊಂಡು ನೋಡ್ತಾ ನಿಂತಿರೋಳು. ಅಷ್ಟಾದ್ರೂ ಅವಳಿಗೆ ಕಬ್ಬಿನ ದುಃಖ ಸಣ್ಣದಂತೆ. ಆಡೋಕೆ ಯಾರೂ ಇಲ್ಲ ಅನ್ನೋದೇ ದೊಡ್ಡದು. ಚೌಕಾಬಾರ ಮನೆ ಬರ್ಕೊಂಡು ಬಲಗೈಗೂ ಎಡಗೈಗೂ ಆಟ ಕಟ್ಟೋಳು, ಎಡಗೈ ಪಾಪ ಅಂತ ಅದನ್ನೇ ಗೆಲ್ಲಿಸೋಳು.

ಊರ ಪಟೇಲ ದೊಡ್ಡೀರಪ್ಪಂಗೂ ಚಿಂತೆ ಹತ್ಕೊಂಡ್ತು. ಈ ಹುಡುಗಿ ಹಲ್ಲು ಪೂರಾ ಉದುರಿದ್ರೆ ಆ ವರ್ಷ ಬಿತ್ತೋರು ಯಾರು, ಬಿತ್ತದಿದ್ರೆ ಉಣ್ಣೋದೇನು. ಊರ ಮುಂದಿನ ಬೇವಿನ ಕಟ್ಟೇಲಿ ಮುದುಕರನ್ನೆಲ್ಲಾ ಸೇರಿಸಿದ. ಮುದುಕರಿಗೇನು ಬರ, ಕಟ್ಟೆ ತುಂಬಿ ತುಳುಕ್ತಿತ್ತು. ಮೊದಲನೇ ವರ್ಷ ಅವರು ಡಂಗುರ ಹೊಡೆಸಿದ್ರು, ತೊಟ್ಟಿಲು ಕೇಳೋ ಮನೆಗೆ ಪಟೇಲರ ಹಾಲು ಕರೆಯೋ ಹಸು ಬಹುಮಾನ ಅಂತ. ಯಾರೂ ಬರಲಿಲ್ಲ. ಆ ಹಸೂಗೆ ಹುಲ್ಲು ತರೋಕೂ ಒಂದಾಳು ಬೇಕಲ್ಲಪ್ಪ ಅಂದ್ರು ಹೆಂಗಸರು. ತಿಮ್ಮಣ್ಣಜ್ಜ ಮಾತ್ರ ಬಂದು, ನಂಗೂ ನಮ್ಮೋಳಿಗೂ ಮಗು ಆಗೋದು ಕಷ್ಟ, ಹಸು ಕೊಡೋದಾದ್ರೆ ಪ್ರಯತ್ನ ಪಡ್ತೀವಿ ಅಂದನಂತೆ. ಅವನ ಹೆಂಡ್ತಿ ಪೊರಕೆ ತಗೊಂಡು ಬಂದ್ಲು. ಆ ವರ್ಷಾನೂ ದ್ಯಾವೀನೇ ಬಿತ್ತಿದ್ಲು, ಹಲ್ಲು ಇನ್ನೂ ಇದ್ವು.

ಎರಡನೇ ವರ್ಷ ಪಟೇಲಂಗೆ ಸಿಟ್ಟು ಬಂತು. ಮಕ್ಕಳಿಲ್ಲದೋರು ಕಟ್ಟೆ ಹತ್ತಂಗಿಲ್ಲ, ಅವರಿಗೆ ಮೊದಲ ತಾಂಬೂಲ ಇಲ್ಲ, ದೇವರ ಪ್ರಸಾದಾನೂ ಕೊನೇಲಿ ಅಂದ. ಏನಾಯ್ತು ಗೊತ್ತಾ, ಹೊಸದಾಗಿ ಮದುವೆಯಾಗಿದ್ದ ಒಂದು ಜೋಡಿ ಈ ಊರ ಸಹವಾಸವೇ ಬೇಡ ಅಂತ ಗಂಟು ಮೂಟೆ ಕಟ್ಟಿ ಹೆಂಡ್ತಿ ತವರಿಗೆ ಹೋಯ್ತು. ಹೆಚ್ಚು ಮಾಡೋಕೆ ಹೋಗಿ ಇದ್ದೋರನ್ನೂ ಕಳ್ಕೊಂಡ್ರು. ಪಟೇಲ ಆ ಮಾತನ್ನ ವಾಪಸ್ ತಗೊಂಡ, ಆದ್ರೆ ಹೋದೋರು ವಾಪಸ್ ಬರಲಿಲ್ಲ. ಆ ವರ್ಷದ ಬಿತ್ತನೆ ಮುಗಿಯೋ ಹೊತ್ತಿಗೆ ದ್ಯಾವಿ ಬಾಯಲ್ಲಿ ಒಂದೇ ಒಂದು ಹಾಲುಹಲ್ಲು ಉಳಿದಿತ್ತಂತೆ, ಬಲಗಡೆ ಮೂಲೇಲಿ.

ಮೂರನೇದೇನು ಮಾಡಾನ ಅಂತ ಮುದುಕರು ಕಟ್ಟೇಲಿ ತಲೆ ಕೆರ್ಕೊಳ್ತಾ ಇದ್ರು. ದ್ಯಾವಿ ಅಲ್ಲೇ ಕೆಳಗೆ ಒಬ್ಳೇ ಚೌಕಾಬಾರ ಆಡ್ತಿದ್ಲು. ಅವಳು ತಲೆ ಎತ್ತಿ, ಪಟೇಲಜ್ಜ, ಅವರಿಗೆ ಯಾಕೆ ಮಕ್ಕಳು ಬೇಡವಂತೆ, ಕೇಳಿದ್ರಾ ಅಂದ್ಲು.

ಮುದುಕರೆಲ್ಲಾ ಶ್ ಶ್ ಅಂತ ಕೈ ಅಡ್ಡ ಹಿಡಿದ್ರು. ಯಾಕೆ ಅಂದ್ರೆ ಮಗಾ, ಆ ಊರಲ್ಲಿ ಅದನ್ನ ಕೇಳೋ ಹಾಗೇ ಇರಲಿಲ್ಲವಂತೆ. ಬಹುಮಾನ ಕೊಡಬಹುದು, ಬೈಯಬಹುದು, ಬೆನ್ನ ಹಿಂದೆ ಎಷ್ಟು ಬೇಕಾದ್ರೂ ಆಡ್ಕೋಬಹುದು, ಆದ್ರೆ ಎದುರು ನಿಂತು ಯಾಕವ್ವ ಮಗು ಆಗಿಲ್ಲ ಅಂತ ಕೇಳಿದ್ರೆ ದೃಷ್ಟಿಯಾಗುತ್ತೆ, ಬರೋ ಬಸಿರೂ ನಿಲ್ಲಲ್ಲ ಅಂತ. ಅದಕ್ಕೇ ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಹಾಲುಹಲ್ಲಿನ ಬಾಯಿಗೆ ಮಾತ್ರ ದೋಷ ಇಲ್ಲವಂತೆ, ಅದು ಏನು ಕೇಳಿದ್ರೂ ಯಾರೂ ಬೇಜಾರು ಮಾಡ್ಕೊಳ್ಳಂಗಿಲ್ಲ. ಪಟೇಲ ದ್ಯಾವಿ ಬಾಯನ್ನೇ ನೋಡಿದ, ಆ ಮೂಲೆ ಹಲ್ಲನ್ನ ನೋಡಿದ, ಹಂಗಾದ್ರೆ ಅದು ಬೀಳೋದ್ರೊಳಗೆ ನೀನೇ ಹೋಗಿ ಕೇಳ್ಕೊಂಡು ಬಾ ಮಗಳೇ ಅಂದ. ದ್ಯಾವಿ ಅದಕ್ಕೇ ಕಾಯ್ತಿದ್ದೋಳಂಗೆ ಲಂಗ ಎತ್ತಿ ಕಟ್ಕೊಂಡು ಹೊರಟ್ಲು.

ಮೊದಲನೇ ಮನೆ ಗಾಣದ ಸಾಕಿಯದ್ದು. ಸಾಕಿ ಎತ್ತು ತಿರುಗಿಸ್ತಾ, ಎಳ್ಳು ಸುರೀತಾ, ಹಿಂಡಿ ತೆಗೀತಾ, ಮಧ್ಯೆ ಮಧ್ಯೆ ಒಳಗೋಡಿ ಕಣ್ಣು ಕಾಣದ ಅತ್ತೆಗೆ ನೀರು ಕೊಟ್ಟು ಬರ್ತಾ ಇದ್ಲಂತೆ. ದ್ಯಾವಿ ಅವಳ ಹಿಂದೆ ಹಿಂದೇನೇ ತಿರುಗ್ತಾ, ಸಾಕಕ್ಕಾ, ನೀನ್ಯಾಕೆ ತೊಟ್ಟಿಲು ಕೇಳೋಕೆ ಬರಲ್ಲ ಅಂದ್ಲು. ಬೇರೆ ಯಾರಾದ್ರೂ ಕೇಳಿದ್ರೆ ಸಾಕಿ ಎಳ್ಳಿನ ಪುಟ್ಟಿ ಎತ್ತಿ ತಲೆ ಮೇಲೆ ಸುರಿಯೋಳೋ ಏನೋ. ಹಾಲುಹಲ್ಲು ಅಂತ ನಕ್ಕು ಹೇಳಿದ್ಲು, ಆಸೆ ಇಲ್ಲ ಅಂತಲ್ಲ ಕಣೇ, ಇರೋದು ಎರಡು ಕೈ. ಊರಲ್ಲಿ ಜನ ಕಮ್ಮಿ ಆದಷ್ಟೂ ಒಬ್ಬೊಬ್ಬರಿಗೂ ಎರಡಾಳಿನ ಕೆಲಸ. ನಮ್ಮವ್ವ ನನ್ನ ಹೆತ್ತಾಗ ಬೀದಿ ತುಂಬಾ ಸೊಂಟ ಇದ್ವು, ಈ ಹುಡುಗಿ ಸೊಂಟದಿಂದ ಆ ಹುಡುಗಿ ಸೊಂಟಕ್ಕೆ ನಾನು ಹೋಗ್ತಿದ್ದೆ, ಹಾಲು ಕುಡಿಯೋಕೆ ಮಾತ್ರ ಅವ್ವನ ಹತ್ರ ಬರ್ತಿದ್ದೆ. ಈಗ ನಾನು ಹೆತ್ರೆ ಕೂಸನ್ನ ಯಾರ ಸೊಂಟಕ್ಕೆ ಹಾಕ್ಲಿ, ಈ ಎತ್ತಿನ ಕೊರಳಿಗೆ ಕಟ್ಲಾ? ನನ್ನ ಸೊಂಟ ಇದೆಯಲ್ಲಕ್ಕ ಅಂದ್ಲು ದ್ಯಾವಿ. ನಿಂದೊಂದೇ ಸೊಂಟ ಊರಿಗೆಲ್ಲಾ ಆಗುತ್ತೇನೇ ಪೆದ್ದಿ ಅಂತ ಅವಳ ಬಾಯಿಗೆ ಒಂದು ಚೂರು ಮೆತ್ತನೆ ಬೆಲ್ಲ ಇಟ್ಟು ಕಳಿಸಿದ್ಲು.

ಎರಡನೇ ಮನೆ ಕಂಬಳಿ ನೇಯೋ ಬೀರಂದು, ಅವನ ಹೆಂಡ್ತಿ ಪುಟ್ಟನಂಜಿ. ಅವಳು ಉಣ್ಣೆ ನೂಲ್ತಾ ಇದ್ಲು. ದ್ಯಾವಿ ಕೇಳಿದ್ದೇ ತಡ ಅವಳ ಕೈ ನಿಂತೋಯ್ತು. ಹೇಳಲೋ ಬೇಡವೋ ಅಂತ ಗಂಡನ ಮುಖ ನೋಡಿದ್ಲು, ಆಮೇಲೆ ದ್ಯಾವೀನ ಪಕ್ಕದಲ್ಲಿ ಕೂರಿಸ್ಕೊಂಡು, ನಿನ್ನ ನೋಡೇ ಕಣೇ ನಾವು ಹೆದರಿರೋದು ಅಂದ್ಲು. ನೀನು ಎಡಗೈ ಜೊತೆ ಆಟ ಆಡೋದನ್ನ ಈ ಜಗಲಿ ಮೇಲಿಂದ ದಿನಾ ನೋಡ್ತೀನಿ. ನಮ್ಮ ಕೂಸು ಹುಟ್ಟಿದ್ರೆ ಅದೂ ಹಿಂಗೇ ಒಂಟಿ, ಅದನ್ನೂ ಹೊಲದಿಂದ ಹೊಲಕ್ಕೆ ಹೊತ್ಕೊಂಡು ಓಡ್ತಾರೆ, ಅದರ ಬಾಯನ್ನೂ ಹೋಗೋರು ಬರೋರೆಲ್ಲಾ ತೆಗೆಸಿ ನೋಡ್ತಾರೆ. ಇನ್ಯಾರಾದ್ರೂ ತೊಟ್ಟಿಲು ಕೇಳ್ಲಿ, ಮರುದಿನಾನೇ ನಾನೂ ತಟ್ಟೆ ಹಿಡ್ಕೊಂಡು ಬರ್ತೀನಿ. ಮೊದಲನೇದು ನಾವಾಗಲ್ಲ.

ದ್ಯಾವಿಗೆ ಅಳು ಬಂತು ಮಗಾ. ಇಷ್ಟು ದಿನ ನಂಗೆ ಜೊತೆ ಇಲ್ಲ ಅಂತ ಅಳ್ತಿದ್ದೆ, ಈಗ ನಂಗೆ ಜೊತೆ ಇಲ್ಲದೆ ಇರೋದಕ್ಕೇ ಇನ್ಯಾರೂ ಹುಟ್ತಾ ಇಲ್ಲವಾ ಅಂತ ಸಂಕಟ ಆಯ್ತು. ಬೇಲದ ಮರದಡಿ ಕೂತು ಚೆನ್ನಾಗಿ ಅತ್ತಳು. ಅತ್ತು ಮುಗಿದ ಮೇಲೆ ಮೂಗು ಒರೆಸ್ಕೊಂಡು, ಹಲ್ಲು ಮುಟ್ಟಿ ನೋಡ್ಕೊಂಡು, ಇದೆ ಅಂತ ಗೊತ್ತಾದ ಮೇಲೆ ಮೂರನೇ ಮನೆಗೆ ಹೋದ್ಲು.

ಮೂರನೇ ಮನೆ ಕುಂಬಾರ ದೇವೀರಿಯದ್ದು. ದೇವೀರಿ ತಿಗರಿ ಮುಂದೆ ಕೂತು ಮಡಕೆ ಕಂಠ ಎತ್ತುತಾ ಇದ್ಲು. ದ್ಯಾವಿ ಕೇಳಿದ್ದಕ್ಕೆ, ನಂಗೆ ಹೆರೋದು ಬೇಡ ಅಷ್ಟೇ ಕಣವ್ವ, ನನ್ನ ಗಂಡನಿಗೂ ಅದೇ ಸರಿ ಅಂದ್ಲು. ಯಾಕಕ್ಕ ಅಂದ್ಲು ದ್ಯಾವಿ. ನಿಂಗೆ ಹಾಗಲಕಾಯಿ ಯಾಕೆ ಬೇಡ? ಬೇಡ, ಅದಕ್ಕೆ ಬೇಡ. ಹಂಗೇ ಇದೂನು ಅಂದ್ಲು. ದ್ಯಾವಿ ಲೆಕ್ಕ ಹಾಕಿದ್ಲು. ಹಾಗಲಕಾಯಿ ತಿನ್ನು ಅಂತ ಅವಳಿಗೆ ಯಾರಾದ್ರೂ ಹಸು ಕೊಟ್ರೂ ಅವಳು ತಿಂತಿರಲಿಲ್ಲ, ಬೈದ್ರೂ ತಿಂತಿರಲಿಲ್ಲ. ಸರಿ ಅಕ್ಕ ಅಂತ ಎದ್ದಳು. ಬಾಗಿಲು ದಾಟೋವಾಗ ದೇವೀರಿ ಕೂಗಿ ಹೇಳಿದ್ಲಂತೆ, ಹೆರಲ್ಲ ಅಂದೆ ಕಣೇ, ಬೀದೀಲಿ ಮಕ್ಕಳೇ ಬೇಡ ಅಂತ ಅಂದೆನಾ? ಮಧ್ಯಾಹ್ನ ಮಡಕೆ ಒಣಗೋ ಹೊತ್ತು ನಂಗೆ ಪುರುಸೊತ್ತೇ. ಯಾರದಾದ್ರೂ ಕೂಸಿದ್ರೆ ಎತ್ಕೊಂಡಿರ್ತೀನಿ, ಪುಟ್ಟ ಪುಟ್ಟ ಕುಡಿಕೆ ಮಾಡ್ಕೊಡ್ತೀನಿ. ನನ್ನ ಯಾರೂ ಕೇಳಿಲ್ಲ ನೋಡು.

ದ್ಯಾವಿ ವಾಪಸ್ ಬಂದು ಕಟ್ಟೆ ಮುಂದೆ ನಿಂತು ಕೇಳಿದ್ದೆಲ್ಲಾ ಒಪ್ಪಿಸಿದ್ಲು. ಸಾಕಕ್ಕಂಗೆ ಸೊಂಟ ಬೇಕಂತೆ, ನಂಜಕ್ಕಂಗೆ ಜೊತೆ ಬೇಕಂತೆ, ದೇವೀರಕ್ಕಂಗೆ ಏನೂ ಬೇಡವಂತೆ, ಆದ್ರೂ ಎತ್ಕೋತಾಳಂತೆ. ಸೊಂಟ ಎಲ್ಲಿಂದ ತರಾನ ಅಂದ ಪಟೇಲ. ದ್ಯಾವಿ ಕಟ್ಟೆಯ ಈ ತುದಿಯಿಂದ ಆ ತುದಿಗೆ ನೋಡಿದ್ಲು. ಇಷ್ಟೊಂದು ಸೊಂಟ ಬೆಳಗಿಂದ ಸಂಜೆ ತನಕ ಇಲ್ಲೇ ಕೂತಿರ್ತವಲ್ಲಜ್ಜ ಅಂದ್ಲು.

ಮೊದಲು ಕೆಮ್ಮಿದ್ರು, ಆಮೇಲೆ ನಕ್ಕರು, ಆಮೇಲೆ ಗಂಡಸರು ಕೂಸು ಎತ್ಕೊಂಡು ಕೂರೋದಾ ಅಂತ ಮೀಸೆ ಮೇಲೆ ಕೈ ಹಾಕಿದ್ರು. ದ್ಯಾವಿ ಸೀದಾ ಮನೆಗೆ ಹೋದ್ಲು, ಏಣಿ ಹಾಕಿ ಹತ್ತಿದ್ಲು, ಕೆಂಪು ಕೋಳಿ ಕಾವಿಗೆ ಕೂತಿದ್ದು ಕೈಗೆ ಕುಕ್ಕಿದ್ರೂ ಬಿಡದೆ ಅದನ್ನ ಮೊಟ್ಟೆ ಸಮೇತ ಪುಟ್ಟಿಗೆ ಇಳಿಸಿದ್ಲು, ಈರುಳ್ಳಿ ಸುರಿದ್ಲು, ತೊಟ್ಟಿಲು ತಲೆ ಮೇಲೆ ಹೊತ್ಕೊಂಡ್ಲು. ಅವ್ವ ಚಿಕ್ತಾಯಿ ಓಡಿ ಬಂದು, ಅಯ್ಯೋ, ಯಾರೂ ಕೇಳದೆ ತೊಟ್ಟಿಲು ಹೊರಗೆ ಹೋಗಬಾರದು ಕಣೇ ಅಂತ ಅಡ್ಡ ನಿಂತ್ಲು. ಯಾರ ಮನೆಗೂ ಕೊಡ್ತಾ ಇಲ್ಲ ಬಿಡವ್ವ, ಕಟ್ಟೇಲಿ ತೂಗಾಕ್ತೀನಿ, ಯಾರೂ ಮೊದಲನೇಯೋರು ಆಗೋದು ಬೇಡ ಅಂತ ದ್ಯಾವಿ ಬಗ್ಗಿ ನುಸುಳಿಕೊಂಡು ಹೋದ್ಲು. ಬೇವಿನ ಕೊಂಬೆಗೆ ತೊಟ್ಟಿಲು ಏರಿತು. ಬರೀ ತೊಟ್ಟಿಲು ತೂಗಬಾರದಲ್ಲ, ಅದಕ್ಕೆ ಅಟ್ಟದ ಮೇಲಿದ್ದ ಒಂದು ಬೂದುಗುಂಬಳಕಾಯಿ ತಂದು ಮಲಗಿಸಿ, ಇದೇ ಕೂಸು, ಸಂಜೆ ತನಕ ನೋಡ್ಕೊಳ್ರಿ, ಸಾಕಕ್ಕ ಬಾವಿಕಟ್ಟೆಯಿಂದ ನೋಡ್ತಿರ್ತಾಳೆ ಅಂದ್ಲು.

ಹುಡುಗಿ ಚೇಷ್ಟೆ, ಆಗ್ಲಿ ಅಂತ ಪಟೇಲ ಮೊದಲನೇ ದಿನ ಕುಂಬಳಕಾಯಿ ಸೊಂಟಕ್ಕೇರಿಸ್ಕೊಂಡ. ಒಂದು ಗಳಿಗೆ ಚೆನ್ನಾಗೇ ಇತ್ತು. ಆಮೇಲೆ ಎಲೆ ಅಡಿಕೆ ಉಗಿಯೋಕೆ ಎದ್ದ ನೋಡು, ಕುಂಬಳಕಾಯಿ ಜಾರಿ ಕಟ್ಟೆ ಮೇಲಿಂದ ಬಿದ್ದು ಎರಡು ಹೋಳು. ಬಾವಿ ಹತ್ರ ಸಾಕಿ, ಹೋಯ್ತು ಕೂಸು ಅಂತ ಬಿಂದಿಗೆ ಇಟ್ಟು ನಕ್ಕಿದ್ದೇ ನಕ್ಕಿದ್ದು. ಎರಡನೇ ದಿನ ಇನ್ನೊಂದು ಕುಂಬಳಕಾಯಿ, ತಿಮ್ಮಣ್ಣಜ್ಜನ ಪಾಳಿ. ಅವನು ತೊಟ್ಟಿಲು ತೂಗ್ತಾ ತೂಗ್ತಾ ತಾನೇ ನಿದ್ದೆ ಹೋದ, ಮೇಕೆ ಬಂದು ಕೂಸಿನ ತಲೆ ತಿಂದು ಹೋಯ್ತು. ಪುಟ್ಟನಂಜಿನೂ ಅವತ್ತು ಜಗಲಿಯಿಂದ ನೋಡ್ತಿದ್ಲು, ಅವಳೂ ನಕ್ಕಳು. ಮುದುಕರಿಗೆ ಈಗ ನಿಜವಾಗಿ ಅವಮಾನ ಆಯ್ತಂತೆ. ಅಜ್ಜಿಯರು ಬಂದು ಸೊಂಟ ಹಿಂಗೆ ಓರೆ ಮಾಡ್ಕೊಳ್ರಿ, ಕೈ ಹಿಂಗೆ ಬಳಸಿ ಅಂತ ಹೇಳ್ಕೊಟ್ರು, ಹೇಳ್ಕೊಡ್ತಾ ಹೇಳ್ಕೊಡ್ತಾ ಮರೆತಿದ್ದ ಜೋಗುಳದ ಎರಡನೇ ಸಾಲು ಒಬ್ಬಳಿಗೆ ನೆನಪಾಯ್ತು, ಮೂರನೇದು ಇನ್ನೊಬ್ಬಳಿಗೆ.

ಮೂರನೇ ದಿನ ಹೊಸ ಕುಂಬಳಕಾಯಿ. ಬೆಳಗಿಂದ ಒಬ್ಬರ ಸೊಂಟದಿಂದ ಒಬ್ಬರ ಸೊಂಟಕ್ಕೆ ಹೋಯ್ತು, ಎಲೆ ಅಡಿಕೆ ಹಾಕೋನು ಹಾಕಲಿಲ್ಲ, ನಿದ್ದೆ ಮಾಡೋನು ಮಾಡಲಿಲ್ಲ. ಇಳಿಹೊತ್ತಿಗೆ ಶ್ರಾವಣದ ಮಳೆ ಏಕಾಏಕಿ ಹೊಡೀತು. ಎಲ್ಲಾ ಎದ್ದು ಓಡಿದ್ರು. ಆಗ ಕುಂಬಳಕಾಯಿ ಇದ್ದಿದ್ದು ಪಟೇಲನ ಸೊಂಟದಲ್ಲಿ. ಅವನು ಓಡೋದಕ್ಕೆ ಮುಂಚೆ ತಲೆ ಮೇಲಿದ್ದ ಪೇಟ ಬಿಚ್ಚಿ ಕುಂಬಳಕಾಯಿಗೆ ಸುತ್ತಿದ, ಎದೆಗವಚಿಕೊಂಡು ಬೋಳುತಲೇಲಿ ನೆನೀತಾ ಮೆಲ್ಲಗೆ ಕಾಲಿಟ್ಟು ಬಂದ, ಜಾರಿ ಬಿದ್ರೆ ಕೂಸಿಗೆ ಪೆಟ್ಟಾಗುತ್ತೆ ಅಂತ. ಆಟ ಅನ್ನೋದು ಅವನಿಗೆ ಮರೆತೇಹೋಗಿತ್ತು. ಬಾವಿಕಟ್ಟೇಲಿ ಸಾಕಿ ಅವತ್ತು ನಗಲಿಲ್ಲ. ಬಿಂದಿಗೆ ತುಂಬಿ ಹರೀತಿದ್ರೂ ಅವಳಿಗೆ ಗೊತ್ತಾಗಲಿಲ್ಲ.

ಆಮೇಲೆ ಏನಾಯ್ತು ಅಂದ್ರೆ, ಸಾಕಿ ಉಣ್ಣೆಗೆ ಎಣ್ಣೆ ಕೊಡೋ ನೆಪದಲ್ಲಿ ಪುಟ್ಟನಂಜಿ ಮನೆಗೆ ಹೋದ್ಲಂತೆ, ನೀನು ಕೇಳೋದಾದ್ರೆ ನಾನೂ ಕೇಳ್ತೀನಿ ಅಂದ್ಲಂತೆ. ಅದೇನು ಮಾತಾಡ್ಕೊಂಡ್ರೋ ಅವರಿಬ್ಬರಿಗೇ ಗೊತ್ತು. ಮರುವರ್ಷದ ಬಿತ್ತನೇನೂ ದ್ಯಾವಿ ಆ ಒಂದೇ ಹಲ್ಲಲ್ಲಿ ದಾಟಿಸಿದ್ಲು, ದೀಪಾವಳಿ ಹೊತ್ತಿಗೆ ಇಬ್ಬರೂ ಒಂದೇ ದಿನ ಅಕ್ಕಿ ಬೆಲ್ಲದ ತಟ್ಟೆ ಹಿಡ್ಕೊಂಡು, ಹೊಟ್ಟೆ ಮುಂದಿಟ್ಕೊಂಡು, ಕಟ್ಟೆ ಮುಂದೆ ಬಂದು ನಿಂತ್ರು. ತೊಟ್ಟಿಲು ಕೊಡಜ್ಜ ಅಂದ್ರು. ಪಟೇಲಂಗೆ ಕಣ್ಣಲ್ಲಿ ನೀರು ತುಂಬ್ಕೊಂಡ್ತು, ಅಡಿಕೆ ಗಂಟಲಿಗೆ ಸಿಕ್ಕೊಂಡ್ತು ಅಂತ ಸುಳ್ಳು ಹೇಳಿದ. ಸಾಕಿಗೆ ಹೆಣ್ಣು, ನಂಜಿಗೆ ಗಂಡು. ತೊಟ್ಟಿಲು ಒಂದೇ, ಒಂದರ ತಲೆ ಈ ಕಡೆ, ಇನ್ನೊಂದರ ತಲೆ ಆ ಕಡೆ, ಕಾಲಿಗೆ ಕಾಲು ಒದ್ದಾಡ್ಕೊಂಡು ಮಲಗೋವು. ಬೆಳಗ್ಗೆ ಮುದುಕರು, ಮಧ್ಯಾಹ್ನ ದೇವೀರಿ, ಸಂಜೆ ದ್ಯಾವಿ. ಸಾಕಿ ಗಾಣ ತಿರುಗಿಸೋಳು, ನಂಜಿ ನೂಲೋಳು, ಹಾಲು ಕುಡಿಸೋ ಹೊತ್ತಿಗೆ ಕಟ್ಟೆಯಿಂದ ಕೂಗಿದ್ರೆ ಬರೋರು.

ಮಲಗಿಬಿಟ್ಯಾ? ಹೂಂ, ಈಗಲೇ ಮಲಗಬೇಡ, ಹಲ್ಲಿನದ್ದು ಉಳಿದಿದೆ.

ಕೂಸುಗಳಿಗೆ ಐದು ತಿಂಗಳು ತುಂಬೋ ಹೊತ್ತಿಗೆ ಮುಂದಿನ ಮುಂಗಾರು ಮೋಡ ಕಟ್ಟಿತು. ನಾಳೆ ಬಿತ್ತನೆ. ದ್ಯಾವಿ ಮೂಲೆ ಹಲ್ಲು ಒಂದು ಎಳೇಲಿ ನೇತಾಡ್ತಿತ್ತಂತೆ, ಅವತ್ತು ಅವಳಿಗೆ ಗಂಜೀನೂ ಅಲ್ಲ, ಗಂಜಿ ತಿಳಿ ಮಾತ್ರ ಕೊಟ್ಟಿದ್ರು. ಅವಳು ಕಟ್ಟೇಲಿ ಕೂತು ಸಾಕಿ ಮಗಳನ್ನ ತೊಡೆ ಮೇಲೆ ನಿಲ್ಲಿಸ್ಕೊಂಡು ಆಡಿಸ್ತಿದ್ಲು. ಕೂಸಿಗೆ ಅದೇನು ಖುಷಿಯಾಯ್ತೋ, ಒಂದ್ಸಲ ಪುಟಿದು ತಲೇನ ದ್ಯಾವಿ ಗದ್ದಕ್ಕೆ ಗುದ್ದಿತು. ಹಲ್ಲು ಹಾರಿ ಕಟ್ಟೆ ಮೇಲೆ ಬಿತ್ತು.

ಅಯ್ಯಯ್ಯೋ, ಕಟ್ಟೆ ಮೇಲಿದ್ದೋರೆಲ್ಲಾ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. ಸಾಕಿ ಓಡಿ ಬಂದು ನನ್ನ ಮಗಳೇ ಊರಿಗೆ ಮಣ್ಣು ಹಾಕ್ತಲ್ಲಪ್ಪ ಅಂತ ಅಳೋಕೆ ಶುರು ಮಾಡಿದ್ಲು. ಪಟೇಲ ಹಲ್ಲು ಎತ್ಕೊಂಡು ವಾಪಸ್ ಕೂರಿಸೋಕೆ ಆಗುತ್ತಾ ಅಂತ ತಿರುಗಿಸಿ ತಿರುಗಿಸಿ ನೋಡಿದ. ಎರಡು ಕೂಸಿವೆಯಲ್ಲ ಅಂದ ತಿಮ್ಮಣ್ಣಜ್ಜ. ಹಲ್ಲೇ ಬಂದಿಲ್ಲವಲ್ಲೋ ಅವಕ್ಕೆ, ಹಾಲುಹಲ್ಲು ಇಲ್ಲದ ಕೈ ಆಗಲ್ಲ ಅಂತ ಹಿಂದಿನೋರು ಹೇಳಿಲ್ಲವಾ ಅಂದ ಪಟೇಲ. ದ್ಯಾವಿ ಬಾಯಿ ತುಂಬಾ ರಕ್ತ ಇಟ್ಕೊಂಡೇ ಕೂಸಿನ ಬಾಯೊಳಗೆ ಬೆರಳಿಟ್ಟು ಒಸಡು ಸವರಿ ನೋಡಿದ್ಲು. ಇಲ್ಲೇ ಒಳಗಿದೆ ಪಟೇಲಜ್ಜ ಅಂದ್ಲು. ನಂದು ಹೊರಗೆ ಹೋಯ್ತು, ಇದರದ್ದು ಇನ್ನೂ ಒಳಗೆ ಕೂತಿದೆ, ಬೀಳೋ ಹಲ್ಲನ್ನ ನಂಬಿ ಇಷ್ಟು ವರ್ಷ ಬಿತ್ತಿದ್ರಿ, ಬರೋ ಹಲ್ಲನ್ನ ನಂಬಿ ಒಂದು ವರ್ಷ ಬಿತ್ತಿ ನೋಡಿ. ಪಟೇಲ ತಾನೇ ಬೆರಳಿಟ್ಟು ನೋಡಿದ. ಕೂಸು ಅವನ ಬೆರಳನ್ನ ಕಚ್ಚಿ ಹಿಡ್ಕೊಂಡು ಬಿಡಲೇ ಇಲ್ಲ. ಇದೆ ಕಣ್ರಪ್ಪ ಅಂದ.

ಮಾರನೇ ದಿನ ಪಟೇಲ ಸಾಕಿ ಮಗಳನ್ನ ಸೊಂಟಕ್ಕೇರಿಸ್ಕೊಂಡ, ಬೀರ ತನ್ನ ಮಗನ್ನ ಹೆಗಲಿಗೆ ಹಾಕ್ಕೊಂಡ, ಅರ್ಧ ಹೊಲ ಅವಳಿಗೆ, ಅರ್ಧ ಇವನಿಗೆ. ಕೂಸಿನ ಮುಷ್ಟಿಗೆ ರಾಗಿ ತುಂಬಿದ್ರೆ ಅದು ಬಿಟ್ರೆ ತಾನೇ, ಬಾಯಿಗೆ ಹಾಕ್ಕೊಳ್ಳೋಕೆ ನೋಡುತ್ತೆ. ಪಟೇಲ ಕಚಗುಳಿ ಇಟ್ಟ, ಕಿಲಕಿಲ ನಕ್ಕು ಕೈ ಬಿಡ್ತು, ರಾಗಿ ಅಷ್ಟಷ್ಟಾಗಿ ಉದುರ್ತು. ಒಂದೊಂದು ಹೊಲಕ್ಕೂ ಒಂದೊಂದು ಕಚಗುಳಿ. ಕೆರೆ ಆಚೆಯ ಬೀಳು ಹೊಲ ಬಂದಾಗ,  ಇರೋ ಕೈಗೆ ಇಷ್ಟು ಹೊಲಾನೇ ಸಾಕು, ಅದು ದನ ಮೇಯೋಕೆ ಇರ್ಲಿ ಅಂತ ಪಟೇಲ ವಾಪಸ್ ತಿರುಗಿದ. ಆ ವರ್ಷ ಭೂಮ್ತಾಯಿ ಮುಖ ತಿರುಗಿಸಲಿಲ್ಲ, ಮೊಳಕಾಲುದ್ದ ಪೈರು ಬಂತಂತೆ.

ಊರೇನು ಮುಂಚಿನಂಗೆ ಮಕ್ಕಳಿಂದ ಗಿಜಿಗುಟ್ಟಲಿಲ್ಲ ಮಗಾ, ಆದ್ರೂ ಮರುವರ್ಷ ಇನ್ನೊಬ್ಬಳು ತಟ್ಟೆ ಹಿಡ್ಕೊಂಡು ಬಂದ್ಲು, ದೇವೀರಿ ಯಾವತ್ತೂ ಬರಲಿಲ್ಲ, ಯಾರೂ ಅವಳನ್ನ ಏನೂ ಅನ್ನಲಿಲ್ಲ. ಬುಗುರಿ ಮಾರೋನು ಮತ್ತೆ ಈ ದಾರೀಲಿ ಕಾಣಿಸ್ಕೊಂಡ. ಕೆಂಪು ಕೋಳಿ ಮಾತ್ರ ದ್ಯಾವಿ ಮೇಲೆ ಸಿಟ್ಟಾಗಿ ಪಕ್ಕದ ಮನೆಗೆ ಹೋಗಿ ಮೊಟ್ಟೆ ಇಡ್ತಿತ್ತಂತೆ.

ದ್ಯಾವಿ ಏನು ಮಾಡಿದ್ಲು ಅಂತೀಯಾ? ಬಿತ್ತನೆ ದಿನ ಅವಳನ್ನ ಯಾರೂ ಹೆಗಲ ಮೇಲೆ ಕೂರಿಸಲಿಲ್ಲ, ಯಾರೂ ಬಾಯಿ ತೆಗಿ ಅನ್ನಲಿಲ್ಲ. ಹಲ್ಲನ್ನ ಸಗಣೀಲಿ ಸುತ್ತಿ ಮಾಳಿಗೆ ಮೇಲೆ ಎಸೆದು ಬಂದು ಬದುವಿನ ಮೇಲೆ ಕೂತಿದ್ಲು. ಅವಳಿಗೆ ಸ್ವಲ್ಪ ಬೇಜಾರೇ ಆಗಿತ್ತಂತೆ. ಆಡೋಕೆ ಜೊತೆ ಬೇಕು ಅಂತ ಇಷ್ಟೆಲ್ಲಾ ಮಾಡಿದ್ಲು, ಜೊತೆ ಬರೋ ಹೊತ್ತಿಗೆ ತಾನೇ ದೊಡ್ಡೋಳಾಗಿದ್ಲು. ಆಗ ಪಟೇಲ ಬಂದು, ಬೆನ್ನ ಹಿಂದೆ ಬಚ್ಚಿಟ್ಟಿದ್ದ ಒಂದು ಕಬ್ಬಿನ ಜಲ್ಲೆ ಅವಳ ಕೈಗೆ ಕೊಟ್ಟು, ಸೊಂಟದಲ್ಲಿದ್ದ ಕೂಸನ್ನ ಅವಳ ಮಡಿಲಿಗೆ ಇಳಿಸಿ, ನಂಗೆ ಕೈ ಸೋತಿದೆ ತಾಯಿ, ಇನ್ನು ಸ್ವಲ್ಪ ಹೊತ್ತು ನಿನ್ನ ಸೊಂಟ ಅಂದ. ದ್ಯಾವಿ ಹೊಸ ಹಲ್ಲಲ್ಲಿ ಕಬ್ಬು ಸೀಳಿದ್ಲು, ಒಂದು ಹನಿ ರಸ ಕೂಸಿನ ತುಟಿಗೆ ಹಚ್ಚಿದ್ಲು. ಕೂಸು ಒಂದು ಗಳಿಗೆ ಕಣ್ಣರಳಿಸಿ ನೋಡ್ತು, ಆಮೇಲೆ ಎರಡೂ ಕೈಲಿ ಅವಳ ಎಡಗೈ ಹಿಡ್ಕೊಂಡು ಜಗ್ಗೋಕೆ ಶುರು ಮಾಡ್ತು. ದ್ಯಾವಿ ಎಡಗೈಯನ್ನ ಅದಕ್ಕೇ ಬಿಟ್ಟುಕೊಟ್ಲು.

ಅಲ್ಲಿ ಅವರು ತೊಟ್ಟಿಲು ತೂಗ್ಕೊಂಡು ಸುಖವಾಗಿದ್ರು, ಇಲ್ಲಿ ನಾವು ನಿದ್ದೆ ತೂಗ್ಕೊಂಡು ಸುಖವಾಗಿದೀವಿ. ನನ್ನ ಕತೆ ಮುಗೀತು, ನಿನ್ನ ಹೂಂನೂ ಮುಗೀತು. ಎಲ್ಲಿ, ಬಾಯಿ ತೆಗಿ ನೋಡಾನ, ಆ ಹಲ್ಲು ಇನ್ನೂ ಇದೆಯಾ?